ತಾನಾಗಿಯೇ ಆಗುವ ಕೆಲಸ

ಅವನಿಗೆ ಕಂಪೌಂಡರ್ ಎಂದು ಹೆಸರಿಟ್ಟವಳು ಟೈಪಿಂಗ್ ಅಕ್ಕನ ಅತ್ತೆ. ಆಸ್ಪತ್ರೆಯ ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಓಡುವ ಮನುಷ್ಯನಿಗೆ ಇದೆಂಥ ಹೆಸರು ಎಂದು ನೀವು ಕೇಳಬಹುದು. ಅವನ ಕಸುಬು ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವುದು. ಮೊದಲ ಸಲ ಆ ಮನೆಗೆ ಹೋಗಿದ್ದಾಗ ಮಂಚದ ಮೇಲೆ ಕಾಲು ಚಾಚಿ ಕೂತಿದ್ದ ಆ ಅಜ್ಜಿ, "ಏನಪ್ಪಾ ಮಾಡ್ತಿದೀಯ ಅದಕ್ಕೆ?" ಎಂದು ಕೇಳಿದ್ದಳು.

"ಕಂಪ್ಯೂಟರ್‌ಗೂ ಕಾಯಿಲೆ ಬರುತ್ತಜ್ಜಿ. ಬರದೇ ಇರೋ ಹಾಗೆ ಸೂಜಿ ಹಾಕ್ತಿದೀನಿ."

"ಹಾಗಾದ್ರೆ ನೀನು ಡಾಕ್ಟ್ರು ಅನ್ನು."

"ಅಷ್ಟೆಲ್ಲಾ ಓದಿಲ್ಲ ಅಜ್ಜಿ."

"ಸರಿ ಬಿಡು, ಕಂಪೌಂಡರು," ಎಂದು ಅಜ್ಜಿ ಒಂದೇ ಏಟಿಗೆ ಅವನ ದರ್ಜೆ ಇಳಿಸಿ, ಮಗ್ಗುಲಾಗಿ ಮಲಗಿದ್ದಳು. ಹೆಸರು ಅಂಟಿಕೊಂಡಿತು. ಆಮೇಲೆ ಬೀದಿಯವರೆಲ್ಲ ಹಾಗೇ ಕರೆದರು. ಅವನಿಗೂ ಅದು ಇಷ್ಟವೇ ಆಗಿತ್ತು ಅನ್ನಿ. ಹೆಸರಿಟ್ಟು ಕರೆಯುವವರು ಅವನಿಗೆ ಅಷ್ಟೇನೂ ಇರಲಿಲ್ಲ.

ಆ ಕಾಲಕ್ಕೆ ಅವನ ಕೈಯಲ್ಲಿ ನಲವತ್ತು ಮನೆಗಳಿದ್ದವು. ಮನೆಗಳಲ್ಲಿ ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇರಲಿಲ್ಲ. ಆಂಟಿವೈರಸ್ ಎನ್ನುವುದನ್ನು ಒಂದು ಸಲ ಹಾಕಿಸಿಬಿಟ್ಟರೆ ಮುಗಿಯಿತು ಎಂದು ಜನ ತಿಳಿದಿರುತ್ತಾರೆ, ಶುದ್ಧ ತಪ್ಪು. ಅದು ಬಾಗಿಲಲ್ಲಿ ಕೂತ ಕಾವಲುಗಾರ ಅಷ್ಟೇ. ಅದರ ಕೈಯಲ್ಲಿ ಕಳ್ಳರ ಪಟ್ಟಿಯೊಂದಿರುತ್ತದೆ. ಬಂದ ಒಂದೊಂದು ಫೈಲನ್ನೂ ಆ ಪಟ್ಟಿಯ ಜೊತೆ ಹೋಲಿಸಿ ನೋಡಿ ಒಳಗೆ ಬಿಡುತ್ತದೆ. ಆದರೆ ಲೋಕದಲ್ಲಿ ದಿನಾ ಹೊಸ ಕಳ್ಳರು ಹುಟ್ಟುತ್ತಲೇ ಇರುತ್ತಾರಲ್ಲ, ಹಳೆಯ ಪಟ್ಟಿ ಹಿಡಿದು ಕೂತವನು ಹೊಸಬನನ್ನು ಕಂಡರೆ ಬನ್ನಿ ಬನ್ನಿ ಎಂದು ತಾನೇ ಬಾಗಿಲು ತೆಗೆಯುತ್ತಾನೆ. ಅದಕ್ಕೇ ಪಟ್ಟಿಯನ್ನು ಆಗಾಗ ಹೊಸದು ಮಾಡುತ್ತಿರಬೇಕು. ಕಂಪೌಂಡರ್ ಸೈಬರ್ ಅಂಗಡಿಯಲ್ಲಿ ಕೂತು ಆ ಪಟ್ಟಿಯನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು, ಸೈಕಲ್ ಹತ್ತಿ, ಒಂದೊಂದೇ ಮನೆಗೆ ಹೋಗಿ ಹಾಕಿ ಬರುತ್ತಿದ್ದ. ಯಾರದೋ ಮನೆಯ ಮಗು ಅವನ ಸ್ಕ್ರೂಡ್ರೈವರ್ ಬಚ್ಚಿಡುತ್ತಿತ್ತು. ಯಾರದೋ ಮನೆಯ ಗಂಡ ಹೆಂಡತಿ ಅವನ ಎದುರಿಗೇ ಜಗಳಕ್ಕೆ ನಿಂತು, "ನೀವೇ ಹೇಳಿ, ಯಾರದ್ದು ತಪ್ಪು?" ಎಂದು ಅವನನ್ನು ನಡುವೆ ಎಳೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಡಿದ ದಿನಗಳು ಅವು.

ಆಮೇಲೆ ಮನೆಮನೆಗೆ ಇಂಟರ್ನೆಟ್ ಬಂತು. ಕಂಪ್ಯೂಟರೇ ಕೆಲವು ಗಂಟೆಗೊಂದು ಸಲ ಕಂಪನಿಯನ್ನು ವಿಚಾರಿಸಿಕೊಂಡು, ಹೊಸದು ಇದ್ದರೆ ಹೊಸದನ್ನಷ್ಟೇ ಎಳೆದುಕೊಂಡು, ಮೂಲೆಯಲ್ಲಿ ಒಂದು ಹಸಿರು ಗುರುತು ತೋರಿಸಿ ತನ್ನ ಪಾಡಿಗೆ ತಾನು ಇರತೊಡಗಿತು. ಮನೆಯವರಿಗೆ ಸುದ್ದಿಯೂ ಇಲ್ಲ. ಅದಕ್ಕೆ ಮಾಡಬೇಕಾದ್ದು ಇಷ್ಟೇ: 'ತಾನಾಗಿಯೇ ಅಪ್‌ಡೇಟ್ ಆಗಲಿ' ಎಂಬ ಸಾಲಿನ ಮುಂದೆ ಒಂದು ಟಿಕ್. ಮೂವತ್ತೊಂಬತ್ತು ಮನೆಗಳಲ್ಲಿ ಆ ಟಿಕ್ ಹಾಕಿಕೊಟ್ಟವನು ಕಂಪೌಂಡರನೇ. ಕೂತ ಕೊಂಬೆಯನ್ನು ಇಷ್ಟು ನಿಯತ್ತಾಗಿ ಕಡಿದವನು ಇನ್ನೊಬ್ಬ ಇರಲಿಕ್ಕಿಲ್ಲ.

ಹೊಟ್ಟೆಪಾಡಿಗೇನೂ ತೊಂದರೆಯಾಗಲಿಲ್ಲ. ದೊಡ್ಡ ಬೀದಿಯ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರಿಂಟರ್ ಬಿಚ್ಚುವ ಕೆಲಸ ಸಿಕ್ಕಿತು. ಕಿಟಕಿಯಿಲ್ಲದ ಕೋಣೆ, ಒಂದು ಟ್ಯೂಬ್‌ಲೈಟು, ಕೈಗೆಲ್ಲ ಕಪ್ಪು ಪುಡಿ. ಇಡೀ ದಿನಕ್ಕೆ ಅವನ ಕಿವಿಗೆ ಬೀಳುತ್ತಿದ್ದ ಮಾತು ಎಂದರೆ, "ಇದು ಆಯ್ತಾ?" ಅವನು ಆಡುತ್ತಿದ್ದ ಮಾತು, "ಆಯ್ತು." ಇರುತ್ತಿದ್ದದ್ದು ಇಸ್ತ್ರಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ಅವನಿಗೇ ಸರಿಯಾಗಿ ಗೊತ್ತಿಲ್ಲ. ಇವತ್ತು ನಾಳೆ ಎನ್ನುತ್ತಿದ್ದ ಹಾಗೇ ಐವತ್ನಾಲ್ಕು ತುಂಬಿತ್ತು. ದೂರದಲ್ಲಿರುವ ಅಣ್ಣ ತಿಂಗಳಿಗೊಮ್ಮೆ ಫೋನ್ ಮಾಡಿ, ಆರೋಗ್ಯವಾ, ಕೆಲಸವಾ, ಸರಿ ಇಡ್ಲಾ ಎಂದು ಮೂರೇ ಮಾತಿಗೆ ಮುಗಿಸುತ್ತಿದ್ದ. ಹಳೆಯ ಮನೆಗಳವರು ದಾರಿಯಲ್ಲಿ ಸಿಕ್ಕರೆ, "ಏನ್ರೀ ಕಂಪೌಂಡರೇ, ಕಾಣಿಸೋದೇ ಇಲ್ವಲ್ಲ!" ಎನ್ನುತ್ತಿದ್ದರು. ಅವನು ಉತ್ತರ ಹೇಳಲು ಬಾಯಿ ತೆಗೆಯುವ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು.

ಉಳಿದದ್ದು ಒಂದೇ ಮನೆ, ಟೈಪಿಂಗ್ ಅಕ್ಕನದು.

ಅಕ್ಕ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ಕಾಲೇಜಿನವರ ಪ್ರಬಂಧಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಟ್ಟು ತನ್ನನ್ನೂ ಅತ್ತೆಯನ್ನೂ ಸಾಕಿಕೊಂಡಿದ್ದಳು. ಎರಡು ವರ್ಷದ ಹಿಂದೆ ಅವಳೂ ಇಂಟರ್ನೆಟ್ ಹಾಕಿಸಿದಳು. ಅವತ್ತು ಕಂಪೌಂಡರ್ ಎಲ್ಲ ಜೋಡಿಸಿ, ಆ ಸಾಲಿನ ಮುಂದೆ ಟಿಕ್ ಹಾಕಲು ಹೋದ. ಕೈ ನಿಂತಿತು. ಇಲ್ಲಿ ಹಾಕಿದರೆ ನಲವತ್ತಕ್ಕೆ ನಲವತ್ತೂ ಮುಗಿಯಿತು. ಒಳಗೆ ಅಕ್ಕ ಟೀ ಸೋಸುತ್ತಿದ್ದಳು. ಅವನು 'ನಾನೇ ಮಾಡಿಕೊಳ್ಳುತ್ತೇನೆ' ಎಂಬ ಸಾಲಿಗೆ ಟಿಕ್ ಹಾಕಿದ. ಪಟ್ಟಿ ಹಳತಾದರೆ ಪರದೆಯ ಮೇಲೆ ಕೆಂಪು ಅಕ್ಷರದ ಎಚ್ಚರಿಕೆ ಬರುತ್ತದೆ. ಅದು ಬರದ ಹಾಗೆ ಅದನ್ನೂ ಮುಚ್ಚಿಟ್ಟ.

"ಇಂಟರ್ನೆಟ್ ಇದ್ರೂ ಇದನ್ನ ನಾನೇ ಬಂದು ಹಾಕ್ಬೇಕು ಅಕ್ಕ. ನೀವು ಮುಟ್ಬೇಡಿ," ಎಂದ. ಹೇಳುವಾಗ ಮುಖ ಎತ್ತಲಿಲ್ಲ.

"ನಂಗ್ಯಾಕಪ್ಪಾ ಆ ಉಸಾಬರಿ. ನೀನುಂಟು ಅದುಂಟು," ಎಂದಳು ಅಕ್ಕ.

ಅಂದಿನಿಂದ ಎರಡು ವಾರಕ್ಕೊಂದು ಭಾನುವಾರ ಹತ್ತೂವರೆಗೆ ಅವನು ಆ ಮನೆಯಲ್ಲಿ ಹಾಜರ್. ಕೆಲಸ ನಾಲ್ಕು ನಿಮಿಷದ್ದು. ಅವನು ಎರಡು ಗಂಟೆ ಕೂರುತ್ತಿದ್ದ. "ಈ ಸಲ ಪಟ್ಟಿ ಉದ್ದ ಇದೆ," ಎನ್ನುತ್ತಿದ್ದ. ಅಜ್ಜಿ ತಾನು ಮದುವೆಯ ದಿನ ಮುನಿಸಿಕೊಂಡು ಅಟ್ಟ ಹತ್ತಿ ಕೂತ ಕಥೆ ಹೇಳುತ್ತಿದ್ದಳು. ಮೊದಲ ಸಲ ಹೇಳಿದಾಗ ಒಂದು ಗಂಟೆ ಕೂತಿದ್ದವಳು ಹೇಳುತ್ತಾ ಹೇಳುತ್ತಾ ಮೂರು ದಿನಕ್ಕೆ ಬಂದು ಮುಟ್ಟಿದ್ದಳು. "ನನ್ನ ಮಂಡಿಗೂ ಒಂದು ಸೂಜಿ ಹಾಕೋ," ಎಂದು ಅವನನ್ನು ರೇಗಿಸುತ್ತಿದ್ದಳು. ಅಕ್ಕ ಟೈಪ್ ಮಾಡುತ್ತಿರುವ ಪ್ರಬಂಧದ ವಿಷಯ ಹೇಳುತ್ತಿದ್ದಳು. ಈಚೆಗೆ ನಾಲ್ಕು ತಿಂಗಳಿಂದ ಇರುವೆಗಳದ್ದು ನಡೆದಿತ್ತು. ಮುನ್ನೂರು ಚಿಲ್ಲರೆ ಪುಟ, ಬರೆದವಳು ಕಾಲೇಜಿನ ಟೀಚರ್ ಒಬ್ಬಳು. ಅವಳಿಗೆ ಆ ಮನೆಯಲ್ಲಿ ಇರುವೆ ಮೇಡಂ ಎಂದೇ ಹೆಸರು. "ಅಲ್ಲ ಕಣೋ ತಮ್ಮ, ಇರುವೆಗೆ ಎರಡು ಹೊಟ್ಟೆಯಂತೆ. ಒಂದು ತನಗೆ, ಇನ್ನೊಂದು ಬೇರೆಯವರಿಗೆ ಕೊಡೋಕೆ. ನಂಗೆ ಒಂದನ್ನ ತುಂಬಿಸೋದೇ ಸಾಕಾಗಿದೆ," ಎಂದು ಅಕ್ಕ ನಕ್ಕರೆ ಅವನೂ ನಗುತ್ತಿದ್ದ. ಆ ನಗು ಅವನಿಗೆ ಹದಿನಾಲ್ಕು ದಿನ ಬರುತ್ತಿತ್ತು.

ಹೀಗಿರುವಾಗ ಒಂದು ಗುರುವಾರ ಅವನಿಗೆ ಜ್ವರ ಬಂತು. ಟೈಫಾಯ್ಡ್, ಮೂರು ವಾರ ಹಾಸಿಗೆ ಬಿಟ್ಟು ಏಳಬೇಡಿ ಎಂದರು ಡಾಕ್ಟರು. ಕೆಳಗಿನ ಇಸ್ತ್ರಿ ಅಂಗಡಿಯವನು ಪುಣ್ಯಾತ್ಮ, ಬೆಳಿಗ್ಗೆ ಬಾಗಿಲ ಹೊರಗೆ ಬ್ರೆಡ್ಡು ಹಾಲು ಇಟ್ಟು, ಒಂದು ಸಲ ಬಡಿದು ಇಳಿದುಹೋಗುತ್ತಿದ್ದ. ಅವನ ಹೆಜ್ಜೆ ಮೆಟ್ಟಿಲಿಳಿಯುವುದನ್ನು ಕಂಪೌಂಡರ್ ಕೊನೆಯ ಮೆಟ್ಟಿಲಿನವರೆಗೂ ಕೇಳಿಸಿಕೊಳ್ಳುತ್ತಿದ್ದ. ಆಮೇಲೆ ಮರುದಿನ ಬೆಳಿಗ್ಗೆಯವರೆಗೆ ಏನೂ ಇಲ್ಲ. ಹೋಗಬೇಕಾದ ಭಾನುವಾರ ಬಂತು. ಅಕ್ಕನಿಗೆ ಫೋನ್ ಮಾಡಿ, "ಕೆಲಸದ ಮೇಲೆ ಬೇರೆ ಊರಿಗೆ ಬಂದಿದೀನಿ," ಎಂದ. ಜ್ವರ ಎಂದರೆ ಅವಳು ಬಂದುಬಿಡುತ್ತಾಳೆ. ಬಂದರೆ ಈ ಕೋಣೆ ನೋಡುತ್ತಾಳೆ. ನೆಲದ ಮೇಲಿನ ಹಾಸಿಗೆ, ಮೂಲೆಯಲ್ಲಿ ರಾಶಿ ಬಿದ್ದ ಹಳೆಯ ಕೀಬೋರ್ಡುಗಳು, ಒಂದೇ ಒಂದು ಲೋಟ. ಬೇಡ ಎನಿಸಿತು.

ಹೋಗಬೇಕಾದ ಎರಡನೆಯ ಭಾನುವಾರವೂ ಏಳಲಾಗಲಿಲ್ಲ. ಅವತ್ತು ಅವನು ಫೋನ್ ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತ. ಪಟ್ಟಿ ಹಾಕಿ ಇಪ್ಪತ್ತೆಂಟು ದಿನವಾಗಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು: ಅಕ್ಕ, ಮೂಲೆಯಲ್ಲಿರೋ ಗುರುತು ಒತ್ತಿ, 'ಈಗಲೇ ಅಪ್‌ಡೇಟ್ ಮಾಡು' ಅಂತ ಬರುತ್ತೆ, ಅದನ್ನ ಒತ್ತಿ. ಅಷ್ಟೇ. ಆದರೆ ಆ ಮಾತು ಹೇಳಿದರೆ, ಇಷ್ಟೇನಾ ಇದು, ನಾನೇ ಮಾಡ್ಕೋತೀನಲ್ಲ, ನೀನ್ಯಾಕೆ ಅಷ್ಟು ದೂರ ಸೈಕಲ್ ತುಳೀತೀಯ ಎಂದು ಅವಳು ಖಂಡಿತ ಹೇಳುತ್ತಾಳೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾಳೆ. ಅವನಿಗೆ ಹೆದರಿಕೆಯಾಯಿತು, ನಿಜವಾದ ಹೆದರಿಕೆ. ಇನ್ನೊಂದು ವಾರ ತಾನೇ, ಏನಾಗುತ್ತೆ ಎಂದು ಫೋನ್ ಕೆಳಗಿಟ್ಟ.

ಮಂಗಳವಾರ ಬೆಳಿಗ್ಗೆ ಅಕ್ಕನೇ ಫೋನ್ ಮಾಡಿದಳು. "ತಮ್ಮಾ, ಎಲ್ಲಿದೀಯ? ಒಂದು ಫೈಲೂ ತೆರ್ಕೋತಿಲ್ಲ ಕಣೋ. ಎಲ್ಲದರ ಹೆಸರಿನ ಹಿಂದೆ ಏನೇನೋ ಬಾಲ ಬಂದಿದೆ. ದುಡ್ಡು ಕೊಡು, ಬಿಡ್ತೀವಿ ಅಂತ ಬರ್ತಿದೆ."

ಹೇಗೆ ಮೆಟ್ಟಿಲಿಳಿದನೋ, ಹೇಗೆ ಸೈಕಲ್ ತುಳಿದನೋ, ಅಕ್ಕನ ಮನೆ ಮುಟ್ಟುವಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಕಂಪ್ಯೂಟರ್ ಮುಂದೆ ಕೂತು ನೋಡಿದ. ಹಿಂದಿನ ದಿನ ಇರುವೆ ಮೇಡಂ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು, ಜೊತೆಗೊಂದು ಫೈಲು. ಅಕ್ಕ ತೆರೆದಿದ್ದಳು. ಕಾವಲುಗಾರ ಸುಮ್ಮನೆ ಬಿಟ್ಟಿದ್ದ. ಆ ಫೈಲು ಕಂಪ್ಯೂಟರಿನಲ್ಲಿದ್ದುದಕ್ಕೆಲ್ಲ ಬೀಗ ಜಡಿದಿತ್ತು. ಒಂದು ನಕಲು ಇರಲಿ ಎಂದು ಅಕ್ಕ ಪೆನ್‌ಡ್ರೈವಿನಲ್ಲೂ ಪ್ರಬಂಧ ಇಟ್ಟುಕೊಂಡಿದ್ದಳು ನಿಜ, ಆದರೆ ಅದನ್ನು ಯಂತ್ರದಲ್ಲೇ ಚುಚ್ಚಿಟ್ಟಿದ್ದಳು. ಅದಕ್ಕೂ ಬೀಗ ಬಿದ್ದಿತ್ತು. ಕಂಪೌಂಡರ್ ಮೊಬೈಲಿನಲ್ಲಿ ಹುಡುಕಿದ. ಈ ಬಾಲದ ವೈರಸ್ ಕಂಪನಿಯ ಪಟ್ಟಿಗೆ ಸೇರಿ ಒಂಬತ್ತು ದಿನವಾಗಿತ್ತು. ಅಕ್ಕನ ಕಂಪ್ಯೂಟರಿನಲ್ಲಿದ್ದ ಪಟ್ಟಿಗೆ ಮೂವತ್ತು ದಿನ. ಆ ಎರಡು ಅಂಕಿಗಳನ್ನು ಅವನು ಮತ್ತೆ ಮತ್ತೆ ನೋಡಿದ. ಬೀಗ ಒಡೆಯುವ ದಾರಿ ಯಾರಿಗೂ ಗೊತ್ತಿರಲಿಲ್ಲ.

"ಬರಲ್ಲ ಅಕ್ಕ. ಹೋಯ್ತು," ಎಂದ.

ಅಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಳು. ಪಕ್ಕದ ಮೇಜಿನ ಮೇಲೆ ಇರುವೆ ಮೇಡಂ ಕೈಬರಹದ ಕಟ್ಟು ಹಾಗೇ ಇತ್ತು. ಪ್ರಬಂಧ ಒಪ್ಪಿಸುವುದಕ್ಕೆ ಉಳಿದದ್ದು ಹನ್ನೆರಡು ದಿನ. ನಾಲ್ಕು ತಿಂಗಳ ಕೆಲಸ. ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ಎಲ್ಲಾ ಆ ಮೇಡಂದೇ. ಕಂಡಕಂಡದ್ದನ್ನೆಲ್ಲ ಕಳಿಸಿ ನನ್ನ ಕಂಪ್ಯೂಟರ್ ಹಾಳು ಮಾಡಿದ್ಳು. ಓದಿದವರಿಗೆ ಇಷ್ಟೂ ಗೊತ್ತಾಗಲ್ವಾ? ನಿಮ್ಮ ಕೆಲಸವೂ ಬೇಡ, ನೀವೂ ಬೇಡ ಅಂತ ಈಗಲೇ ಹೇಳ್ತೀನಿ," ಎಂದು ಫೋನ್ ತೆಗೆದುಕೊಂಡಳು.

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಂಪೌಂಡರನ ಮೇಲೆ ಯಾರಿಗೂ ಎಳ್ಳಷ್ಟು ಅನುಮಾನ ಇರಲಿಲ್ಲ. ಮುಂದಿನ ಭಾನುವಾರ, ಅದರ ಮುಂದಿನದು, ಎಲ್ಲವೂ ಇದ್ದ ಹಾಗೇ ಇರುತ್ತಿತ್ತು. ಅವನಿಗೆ ಅದು ಗೊತ್ತಿತ್ತು. ಅಕ್ಕ ನಂಬರ್ ಹುಡುಕುತ್ತಿದ್ದಳು.

"ಫೋನ್ ಇಡಿ ಅಕ್ಕ. ಮೇಡಂ ತಪ್ಪಲ್ಲ. ಅವರ ಹೆಸರಲ್ಲಿ ಯಾರೋ ಕಳಿಸಿರೋದು."

"ಯಾರು ಕಳಿಸಿದ್ರೇನು, ನೀನು ಸೂಜಿ ಹಾಕಿದ್ದೆ ತಾನೇ? ಯಾಕೆ ತಡೀಲಿಲ್ಲ ಅದು?"

"ಅದು ತಾನಾಗೇ ಆಗೋ ಕೆಲಸ ಅಕ್ಕ."

"ಯಾವುದು?"

"ನಾನು ಭಾನುವಾರ ಬಂದು ಮಾಡೋದು. ನಿಮ್ಮನೆಗೆ ಇಂಟರ್ನೆಟ್ ಬಂದ ದಿನದಿಂದ್ಲೇ ಅದು ದಿನಾ ತಾನಾಗೇ ಆಗ್ಬೋದಿತ್ತು. ನಾನೇ ನಿಲ್ಲಿಸಿಟ್ಟಿದ್ದೆ. ಆಗಿದ್ದಿದ್ರೆ ಇದು ಒಳಗೆ ಬರ್ತಿರ್ಲಿಲ್ಲ."

"ನಿಲ್ಲಿಸಿಟ್ಟಿದ್ಯಾ? ಯಾಕೆ?"

ಅವನು ಕೀಬೋರ್ಡ್ ನೋಡುತ್ತಾ ಹೇಳಿದ: "ತಾನಾಗೇ ಆಗ್ಬಿಟ್ರೆ ನೀವು ನನ್ನ ಕರೀತಿರ್ಲಿಲ್ಲ."

ಅಕ್ಕ ಫೋನ್ ಮೇಜಿನ ಮೇಲಿಟ್ಟಳು. ಮಂಚದ ಮೇಲಿಂದ ಅಜ್ಜಿ, "ಏನಂತೆ?" ಎಂದಳು. ಅಕ್ಕ ಆಗ ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು; ಕುತ್ತಿಗೆಯ ಎಲುಬು, ಒಳಗೆ ಹೋದ ಕಣ್ಣು.

"ಈ ಒಂದು ತಿಂಗಳು ಎಲ್ಲಿದ್ದೆ?"

"ಮನೇಲೇ. ಜ್ವರ ಇತ್ತು."

"ಅದನ್ನೂ ಸುಳ್ಳು ಹೇಳಿದ್ಯಾ?"

ಅವನು ಹೌದೆಂದು ತಲೆಯಾಡಿಸಿದ. ಅಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಇದ್ದಕ್ಕಿದ್ದ ಹಾಗೆ ಬಹುವಚನಕ್ಕೆ ಇಳಿದಳು.

"ನಿಮ್ಮನ್ನ ನಾನು ಮನೆಯವರ ಥರ ನೋಡ್ಕೊಂಡೆ. ಸುಮ್ನೆ ಬರ್ತೀನಿ ಅಂದಿದ್ರೆ ಬೇಡ ಅಂತಿದ್ನಾ? ಅತ್ತೆ ಬೇಡ ಅಂತಿದ್ರಾ? ಒಂದು ಮಾತು ಕೇಳ್ಬೋದಿತ್ತು. ಕಣ್ಣಿಗೆ ಮಣ್ಣೆರಚಿ ಬರೋ ಅಂಥದ್ದು ಏನಿತ್ತು ಈ ಮನೇಲಿ?"

ಕೆಲಸವಿಲ್ಲದೆಯೂ ಒಬ್ಬರ ಮನೆಗೆ ಹೋಗಬಹುದು ಎನ್ನುವುದು ಐವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ಕಂಪೌಂಡರನಿಗೆ ಹೊಳೆದಿರಲಿಲ್ಲ. ಕೈಯಲ್ಲಿ ಚೀಲ ಇಲ್ಲದೆ ಅವನು ಯಾರ ಬಾಗಿಲನ್ನೂ ತಟ್ಟಿದವನಲ್ಲ.

ಮಧ್ಯಾಹ್ನದವರೆಗೆ ಕೂತು ಕಂಪ್ಯೂಟರನ್ನು ಪೂರ್ತಿ ಅಳಿಸಿ ಹೊಸದಾಗಿ ಎಲ್ಲ ಹಾಕಿಕೊಟ್ಟ. ಯಾರೂ ಟೀ ಬೇಕಾ ಎನ್ನಲಿಲ್ಲ. ಕೊನೆಯಲ್ಲಿ ಆಂಟಿವೈರಸ್ ಹಾಕಿ, 'ತಾನಾಗಿಯೇ ಅಪ್‌ಡೇಟ್ ಆಗಲಿ' ಎಂಬುದಕ್ಕೆ ಟಿಕ್ ಹಾಕಿದ. ಎಚ್ಚರಿಕೆ ತೋರಿಸು ಎಂಬುದಕ್ಕೂ ಹಾಕಿದ. ಅಕ್ಕನನ್ನು ಕರೆದು, ಹಸಿರು ಗುರುತು ಎಲ್ಲಿರುತ್ತದೆ, ಕೆಂಪಾದರೆ ಏನು ಒತ್ತಬೇಕು, ಕಂಪ್ಯೂಟರಿನ ತಾರೀಕು ತಪ್ಪಿಲ್ಲವೇ ಎಂದು ಹೇಗೆ ನೋಡಬೇಕು, ವರ್ಷಕ್ಕೊಮ್ಮೆ ಯಾವಾಗ ದುಡ್ಡು ಕಟ್ಟಿ ನವೀಕರಿಸಬೇಕು, ನಕಲಿಟ್ಟ ಪೆನ್‌ಡ್ರೈವನ್ನು ಕೆಲಸವಾದ ಕೂಡಲೇ ಯಾಕೆ ಕಿತ್ತಿಡಬೇಕು, ಎಲ್ಲ ತೋರಿಸಿದ. ಏನನ್ನೂ ಬಚ್ಚಿಡಲಿಲ್ಲ. ಅವಳು ಒಂದು ಚೀಟಿಯಲ್ಲಿ ಬರೆದುಕೊಂಡಳು. ಇಷ್ಟು ವರ್ಷ ಅವನನ್ನು ಆ ಮನೆಗೆ ಕರೆಸಿದ್ದು ಒಂದು ಚೀಟಿಯಲ್ಲಿ ಹಿಡಿಸುವಷ್ಟಿತ್ತು.

ಅವನು ಚಪ್ಪಲಿ ಮೆಟ್ಟುತ್ತಿರುವಾಗ ಅಜ್ಜಿ, "ಬರೋ ಭಾನುವಾರ ಬರ್ತೀಯೇನೋ?" ಎಂದಳು.

"ಬರಲ್ಲ ಅತ್ತೆ. ಇನ್ನೇನೂ ಕೆಲಸ ಇಲ್ಲ," ಎಂದಳು ಅಕ್ಕ ಅವನ ಪರವಾಗಿ.

ಆಮೇಲಿನ ದಿನಗಳನ್ನು ಹೇಳುವುದಕ್ಕೇ ಬೇಜಾರು. ಕೈಬರಹ ಓದಿ ಹೇಳುತ್ತೇನೆ, ನೀವು ಟೈಪ್ ಮಾಡಿ ಎಂದು ಅಕ್ಕನಿಗೆ ಮೆಸೇಜ್ ಕಳಿಸಿದ. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚುವಾಗಲೂ ಅವಳು ಈಗ ಎಷ್ಟನೇ ಪುಟದಲ್ಲಿರಬಹುದು ಎಂದು ಲೆಕ್ಕ ಹಾಕುತ್ತಿದ್ದ. ದಿನಕ್ಕೆ ಇಪ್ಪತ್ತಾರು ಪುಟ ಹೊಡೆದರೆ ಮಾತ್ರ ಮುಗಿಯುತ್ತದೆ. ಅರವತ್ತನಾಲ್ಕು ವರ್ಷದ ಬೆರಳು. ಅವನಿಗೆ ಊಟ ಸೇರುತ್ತಿರಲಿಲ್ಲ. ಭಾನುವಾರ ಬಂದರೆ ಹತ್ತೂವರೆಗೆ ಸರಿಯಾಗಿ ಎದ್ದು ಕೋಣೆ ಗುಡಿಸುತ್ತಿದ್ದ, ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದ. ಎರಡು ಭಾನುವಾರ ಹೀಗೇ ಹೋದವು.

ಮೂರನೆಯ ಭಾನುವಾರ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ಹಾಕಿಕೊಂಡು ಹೊರಟ. ಅರ್ಧ ದಾರಿಗೆ ಬಂದಾಗ ಹೆಗಲಲ್ಲಿ ಸಾಮಾನಿನ ಚೀಲ ಇರುವುದು ಗೊತ್ತಾಯಿತು. ಅಭ್ಯಾಸಬಲ. ಸೈಕಲ್ ತಿರುಗಿಸಿ, ಕೋಣೆಗೆ ಹೋಗಿ ಚೀಲ ಇಟ್ಟು, ಬರಿಗೈಯಲ್ಲಿ ಮತ್ತೆ ಹೊರಟ. ಕೈ ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ.

ಅಕ್ಕ ಬಾಗಿಲು ತೆಗೆದಳು. ರವಿಕೆಯ ತೋಳು ಮಡಚಿದ್ದಳು, ಮೊಣಕೈವರೆಗೆ ಸೋಪಿನ ನೊರೆ.

"ಏನು? ಏನೂ ಕೆಟ್ಟಿಲ್ವಲ್ಲ. ಹಸಿರೇ ಇದೆ."

"ಗೊತ್ತು."

"ಮತ್ತೆ?"

"ಕೆಲಸ ಏನಿಲ್ಲ ಅಕ್ಕ," ಎಂದ. "ಸುಮ್ನೆ ಬಂದೆ. ಒಬ್ನೇ ಇರೋಕಾಗ್ಲಿಲ್ಲ."

ಅಕ್ಕ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ನೊರೆ ಅವಳ ಕೈಯಿಂದ ಹೊಸ್ತಿಲ ಮೇಲೆ ಇಳಿಯುತ್ತಿತ್ತು.

"ಇರುವೆ ಮೇಡಂದು ಮುಗೀತಾ?" ಎಂದು ಅವನೇ ಕೇಳಿದ.

"ಮುಗೀತು. ಈ ಬೆರಳು ಇನ್ನೂ ಮಡಚೋಕೆ ಬರಲ್ಲ." ಬಲಗೈಯ ತೋರುಬೆರಳನ್ನು ಅವನ ಮುಖದ ಮುಂದೆ ಹಿಡಿದಳು. "ನನ್ನ ಸಿಟ್ಟೂ ಇಳಿದಿಲ್ಲ."

"ಇರ್ಲಿ ಅಕ್ಕ."

"ಅತ್ತೆಗೆ ಈಗ ತಾನೇ ನಿದ್ದೆ ಹತ್ತಿದೆ, ಎಬ್ಬಿಸಬೇಡ. ನಂಗೆ ಬಟ್ಟೆ ಇದೆ, ನಿನ್ನ ಜೊತೆ ಮಾತಾಡ್ತಾ ಕೂರೋಕೆ ಪುರುಸೊತ್ತಿಲ್ಲ. ಕೂರೋದಾದ್ರೆ ಕೂರು," ಎಂದು ಅಕ್ಕ ಬಾಗಿಲು ಹಾಗೇ ಬಿಟ್ಟು ಹಿತ್ತಲಿಗೆ ಹೋದಳು.

ಅವನು ಒಳಗೆ ಹೋಗಿ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತ. ಹಿತ್ತಲಿನಲ್ಲಿ ಬಟ್ಟೆ ಕುಕ್ಕುವ ಸದ್ದು, ಮಂಚದ ಮೇಲೆ ಅಜ್ಜಿಯ ಗೊರಕೆ. ಒಂದು ಗಂಟೆ ಹೊತ್ತು ಅವನನ್ನು ಯಾರೂ ಮಾತಾಡಿಸಲಿಲ್ಲ. ಏಳು ಎಂದೂ ಯಾರೂ ಹೇಳಲಿಲ್ಲ.